ಬುಕಾನನ್ನನ ದಿನಚರಿಯೂ ಕುಮಟೆಯ ಮರಗಳೂ

1801ರ ಆರಂಭದ ತಿಂಗಳುಗಳಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಭಟ್ಕಳ, ಹೊನ್ನಾವರಗಳ ಮಾರ್ಗವಾಗಿ ಉತ್ತರಕ್ಕೆ ಸಾಗಿದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿತ್ತು. ಹೊಸ ನಾಡಿನ ಬೆಳೆ, ವ್ಯಾಪಾರ, ಜನಜೀವನಗಳನ್ನು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳುಹಿಸಿದ್ದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ದಿನಚರಿ ಓದಲು ಬಲು ಒಣ. ದಿನಾಂಕ, ಊರು, ನಡೆದ ದೂರ, ಗದ್ದೆ, ಮೆಣಸು, ಕಾಡು, ಮತ್ತೆ ಮರುದಿನದ ಊರು. ಆದರೂ ಪಶ್ಚಿಮಘಟ್ಟದ ಕಾಡಿನ ಇತಿಹಾಸ ಬರೆಯುವವರು ಇಂದಿಗೂ ಅದನ್ನು ತೆರೆಯುತ್ತಾರೆ. ಯಾವ ಮಾತು ಯಾವ ದಿನದ್ದು, ಯಾವ ಊರಿನದು ಎಂಬುದು ಅಲ್ಲಿ ಉಳಿದಿದೆ. ತಾನು ಕಂಡದ್ದನ್ನೂ ಜನ ಹೇಳಿದ್ದನ್ನೂ ಆತ ಹಲವೆಡೆ ಬೇರ್ಪಡಿಸಿದ್ದಾನೆ. ಹೇಳಿದ ರೈತರ ಹೆಸರುಗಳು ಮಾತ್ರ ಬಹುಮಟ್ಟಿಗೆ ಕಾಣುವುದಿಲ್ಲ.

ಇದೇ ಜಿಲ್ಲೆಯಲ್ಲಿ 1984ರಲ್ಲಿ ಇನ್ನೊಂದು ಬಗೆಯ ದಾಖಲೆ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಉತ್ತರ ಕನ್ನಡದ ಕಾಡುಗಳಲ್ಲಿ ತಲಾ ಒಂದು ಹೆಕ್ಟೇರಿನ 8 ತಾಕುಗಳನ್ನು ಆರಿಸಿ ಮರಗಳನ್ನು ಎಣಿಸಿದರು, ಸುತ್ತಳತೆ ಹಿಡಿದರು. ಕುಮಟಾ ಸಮೀಪದ ಮಿರ್ಜಾನ, ಚಂದಾವರಗಳೂ ಅವುಗಳಲ್ಲಿದ್ದವು. ಹತ್ತು ವರ್ಷಗಳ ಬಳಿಕ ಅದೇ ತಾಕುಗಳಿಗೆ ಮರಳಿ ಮತ್ತೆ ಅಳೆದರು.

ಈ 'ಅದೇ' ಎಂಬ ಮಾತಿನಲ್ಲೇ ಕಷ್ಟವಿದೆ. ಮರದ ಸುತ್ತಳತೆ 62 ಸೆಂಟಿಮೀಟರ್ ಎಂದು ಬರೆದಿಟ್ಟರೆ ಸಾಲದು. ಯಾವ ಮರ, ನೆಲದಿಂದ ಎಷ್ಟು ಎತ್ತರದಲ್ಲಿ ಟೇಪು ಸುತ್ತಿದರು, ಯಾವ ತಿಂಗಳಲ್ಲಿ? ಇದು ದಾಖಲಾಗಿರದಿದ್ದರೆ, ಮರ ಬೆಳೆದಿದೆಯೋ ಟೇಪು ಜಾರಿದೆಯೋ ಹೇಳಲಾಗದು. ವಹಿ ಕಳೆದುಹೋದರಂತೂ ಹತ್ತು ವರ್ಷಗಳನ್ನು ಮತ್ತೆ ಸಂಪಾದಿಸಲು ಯಾವ ವಿಶ್ವವಿದ್ಯಾನಿಲಯಕ್ಕೂ ಸಾಧ್ಯವಿಲ್ಲ. ಕಂಪ್ಯೂಟರಿಗೆ ಸೇರಿಸಿದರೆ ನಿಶ್ಚಿಂತೆ ಎನ್ನುವವರುಂಟು. ಅಂದು ಫ್ಲಾಪಿಯಲ್ಲಿ ತುಂಬಿಟ್ಟ ಅಂಕಿಗಳನ್ನು ಓದುವ ಯಂತ್ರ ಈಗ ಹುಡುಕಿದರೂ ಸಿಗುವುದು ಅಪರೂಪ. ಪೆನ್ಸಿಲಿನ ಬರಹ ಮಾತ್ರ ಓದಲು ಬರುತ್ತದೆ!

ಬುಕಾನನ್ನನಲ್ಲಿ ಕಾಣದ ಹೆಸರುಗಳ ಪ್ರಶ್ನೆಯೂ ಹಾಗೆಯೇ ಉಳಿದಿತ್ತು. 1990ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಹಳ್ಳಿಯವರ ಗಿಡಮೂಲಿಕೆ ಜ್ಞಾನವನ್ನು ಜೀವವೈವಿಧ್ಯ ದಾಖಲಾತಿಯಾಗಿ ಬರೆಯುವ ಕೆಲಸಕ್ಕೆ ತೊಡಗಿದರು. 2002ರ ಜೀವವೈವಿಧ್ಯ ಅಧಿನಿಯಮವು ಸ್ಥಳೀಯ ಸಮಿತಿಗಳಿಗೆ ಅವಕಾಶ ಕೊಟ್ಟಿತು; ದಾಖಲಾತಿ ಸಿದ್ಧಪಡಿಸುವ ಹೊಣೆಯೂ ಆ ಸಮಿತಿಗಳಿಗೇ ಬಂತು. ಹೊನ್ನಾವರದ ಒಬ್ಬ ಅಜ್ಜಿ ವಿದ್ಯಾರ್ಥಿಯೊಬ್ಬನಿಗೆ ಬೇರಿನ ಗುಣ ಹೇಳಿದಳೆನ್ನಿ. ಅದನ್ನು ಅಚ್ಚು ಹಾಕಿಸಬಹುದೇ, ಅವಳ ಹೆಸರು ಹಾಕಬೇಕೇ, ಬೇಡವೇ? ಇದನ್ನು ಅವಳಲ್ಲೇ ಕೇಳಬೇಕು, ಅವಳ ಉತ್ತರವನ್ನೂ ದಿನಾಂಕ ಸಹಿತ ಅದೇ ಪುಟದಲ್ಲಿ ಬರೆದಿಡಬೇಕು.