ಸ್ಥಳೀಯರ ವಿಳಾಸ

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಸುದ್ದಿ ಬರುವ ಪತ್ರಿಕೆಯ ಪುಟವನ್ನು ಯಾವ ದಿನ ಬಿಡಿಸಿದರೂ ಒಂದು ಪಾತ್ರ ತಪ್ಪದೆ ಎದುರಾಗುತ್ತದೆ. ಚರಂಡಿ ತುಂಬಿ ಹರಿದರೆ ಆಕ್ರೋಶ ವ್ಯಕ್ತಪಡಿಸುವವರು ಸ್ಥಳೀಯರು, ಬೀದಿದೀಪ ಉರಿಯದಿದ್ದರೆ ಆರೋಪಿಸುವವರು ಸ್ಥಳೀಯರು, ದರೋಜಿ ಕರಡಿಧಾಮದ ಅಂಚಿನ ಹೊಲದಲ್ಲಿ ಚಿರತೆ ಹೆಜ್ಜೆ ಕಂಡರೆ ಭಯಭೀತರಾಗುವವರೂ ಸ್ಥಳೀಯರೇ. ಅದೇ ಸುದ್ದಿಯಲ್ಲಿ ಶಾಸಕರಿಗೆ ಹೆಸರುಂಟು, ತಹಶೀಲ್ದಾರರಿಗೆ ಹೆಸರುಂಟು. ಮನವಿ ಪತ್ರ ಕೊಟ್ಟ ಸಂಘಟನೆಯ ಪದಾಧಿಕಾರಿಗಳ ಪಟ್ಟಿಯಂತೂ ‘ಮತ್ತಿತರರು ಇದ್ದರು’ ಎಂದು ನಿಲ್ಲುವ ತನಕ ಸಾಗುತ್ತದೆ. ಕೊಳಚೆ ನೀರು ಒಲೆಯ ತನಕ ನುಗ್ಗಿದ ಮನೆಯವರಿಗೆ ಮಾತ್ರ ಹೆಸರಿಲ್ಲ, ಬೀದಿಯಿಲ್ಲ, ಕಸುಬಿಲ್ಲ. ‘ಸ್ಥಳೀಯರು’ ಎಂಬ ಈ ಪದ ಊರಿನ ಜನಕ್ಕೆ ದನಿ ಕೊಡುತ್ತದೆಂದು ನಾವು ನಂಬಿದ್ದೇವೆ. ಅದು ಅವರ ವಿಳಾಸವನ್ನು ಅಳಿಸಿ, ಉತ್ತರ ಕೊಡಬೇಕಾದ ಕಚೇರಿಗೆ ನುಣುಚಿಕೊಳ್ಳುವ ದಾರಿ ಮಾಡಿಕೊಡುತ್ತದೆ ಎಂಬುದು ನನ್ನ ವಾದ.

ಮೊದಲಿಗೆ, ಈ ಪದವನ್ನು ಯಾರೂ ಆಡುವುದಿಲ್ಲ. ಕಂಪ್ಲಿ ತಾಲ್ಲೂಕಿನ ಮೆಟ್ರಿ ಹಳ್ಳಿಯ ಕಟ್ಟೆಯ ಮೇಲೆ ಕೂತವರು ‘ನಾವು ಇಲ್ಲಿಯವ್ರು’, ‘ನಮ್ಮೂರು ಮಂದಿ’ ಎಂದಾರು. ಟೋಲ್‌ಗೇಟಿನಲ್ಲಿ ಗಾಡಿ ನಿಲ್ಲಿಸಿದರೆ ‘ಲೋಕಲ್ ರೀ, ಬಿಡ್ರಿ’ ಎಂದಾರು. ‘ನಾನೊಬ್ಬ ಸ್ಥಳೀಯ’ ಎಂದು ಹೇಳಿಕೊಂಡವರುಂಟೆ? ತನ್ನ ಬಗ್ಗೆ ತಾನು ಹೇಳಿಕೊಳ್ಳಲಾಗದ, ಬೇರೆಯವರು ಮಾತ್ರ ಹಚ್ಚಬಹುದಾದ ಹೆಸರು ಇದು. ಪದದ ಬೇರಿನಲ್ಲಿರುವ ‘ಸ್ಥಳ’ಕ್ಕೆ ಮಾತ್ರ ಈ ಸೀಮೆಯಲ್ಲಿ ದೊಡ್ಡ ಬಾಳುವೆ ಇತ್ತು. ವಿಜಯನಗರದ ಕಾಲದ ಶಾಸನಗಳಲ್ಲಿ ಸೀಮೆ, ನಾಡುಗಳ ಜೊತೆ ‘ಸ್ಥಳ’ ಒಂದು ಆಡಳಿತ ವಿಭಾಗ. ಇಂಥ ಸ್ಥಳಕ್ಕೆ ಸೇರಿದ ಇಂಥ ಗ್ರಾಮ, ಅದರ ಮೂಡಲಿಗೆ ಇಂಥ ಕಲ್ಲು, ಪಡುವಲಿಗೆ ಇಂಥ ಹಳ್ಳ ಎಂದು ಎಲ್ಲೆ ಹೇಳುವುದು ಆ ಬರಹಗಳ ಶಿಸ್ತು. ಶರಣರು ಇದೇ ಪದವನ್ನು ಒಳಗಿನ ಹಾದಿಗೆ ಬಳಸಿದರು. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಸ್ಥಲಗಳು, ಸಾಧಕ ಒಂದನ್ನು ದಾಟಿ ಇನ್ನೊಂದಕ್ಕೆ ಏರುತ್ತಾನೆ. ಎರಡು ಕಡೆಯೂ ಆ ಪದ ನೀನು ಎಲ್ಲಿ ನಿಂತಿದ್ದೀ ಎಂಬುದನ್ನು ಖಚಿತವಾಗಿ ಹೇಳುತ್ತಿತ್ತು. ಆ ಖಚಿತತೆ ಇಂದಿನ ‘ಸ್ಥಳೀಯರು’ ಎಂಬಲ್ಲಿ ಒಂದು ಹನಿಯೂ ಉಳಿದಿಲ್ಲ.

ಕಾನೂನು ಈ ವಿಷಯದಲ್ಲಿ ಪತ್ರಿಕೆಗಿಂತ ಪ್ರಾಮಾಣಿಕ. ಯಾರು ಸ್ಥಳೀಯರು ಎಂದು ಅದು ಅಳೆದು ಹೇಳುತ್ತದೆ. ಹೆದ್ದಾರಿ ಶುಲ್ಕದ ನಿಯಮದಲ್ಲಿ ಟೋಲ್‌ಗೇಟಿನಿಂದ 20 ಕಿಲೋಮೀಟರ್ ಒಳಗೆ ವಾಸಿಸುವವರು, ಸ್ವಂತ ಬಳಕೆಯ ಗಾಡಿಯಿದ್ದರೆ, ತಿಂಗಳ ಪಾಸಿಗೆ ಅರ್ಹರು. ಕಲ್ಯಾಣ ಕರ್ನಾಟಕದವರಿಗೆ ಓದು, ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿಯಲ್ಲಿ ಹುಟ್ಟು ಅಥವಾ ನೆಲೆಸಿದ ಅವಧಿಯೇ ಅಳತೆ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿ, ಎರಡೇ ದಿನದಲ್ಲಿ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆ ರಾಜ್ಯದಲ್ಲಿ ಹುಟ್ಟಿ, 15 ವರ್ಷ ನೆಲೆಸಿ, ಕನ್ನಡ ಓದಲು ಬರೆಯಲು ಬರುವವರೆಂದು ಗೆರೆ ಎಳೆದಿತ್ತು. ಗೆರೆ ಸರಿಯೋ ತಪ್ಪೋ, ಅದರ ಮೇಲೆ ಜಗಳವಾದರೂ ಆಡಬಹುದು. ಆದರೆ ಇದೇ ಗೆರೆಗಳು ಇನ್ನೊಂದು ಸತ್ಯವನ್ನೂ ಬಯಲು ಮಾಡುತ್ತವೆ. ಹರಪನಹಳ್ಳಿಯನ್ನು ನೋಡಿ. 1997ರಲ್ಲಿ ಅದನ್ನು ಬಳ್ಳಾರಿಯಿಂದ ತೆಗೆದು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಹಾಗಾಗಿ 2013ರಲ್ಲಿ 371(ಜೆ) ಜಾರಿಗೆ ಬಂದಾಗ ತಾಲ್ಲೂಕು ಹೊರಗುಳಿಯಿತು. ಹೋರಾಟ ನಡೆದು 2018ರಲ್ಲಿ ಸವಲತ್ತೂ ಬಂತು, ಬಳ್ಳಾರಿಯೂ ಮರಳಿತು. 2021ರಲ್ಲಿ ಮತ್ತೆ ವಿಜಯನಗರ ಜಿಲ್ಲೆ. ಯಾರ ಮನೆಯೂ ಕದಲಲಿಲ್ಲ, ಅವರ ಸ್ಥಳೀಯತೆ ಮಾತ್ರ ಹೋಗಿ ಬಂತು. ಮೆಟ್ರಿಯದೂ ಸಣ್ಣ ಅಳತೆಯಲ್ಲಿ ಇದೇ ಪಾಡು. ಹೊಸಪೇಟೆ ತಾಲ್ಲೂಕಿನಲ್ಲಿದ್ದ ಹಳ್ಳಿ ಕಂಪ್ಲಿ ತಾಲ್ಲೂಕಾದಾಗ ಅದರ ಪಾಲಿಗೆ ಬಂತು. ಹೊಸಪೇಟೆ ಹೊಸ ಜಿಲ್ಲೆಯ ಕೇಂದ್ರವಾದಾಗ ಕಂಪ್ಲಿ, ಸಂಡೂರುಗಳು ಬಳ್ಳಾರಿಯಲ್ಲೇ ಉಳಿದವು. ಸಂತೆಗೆ, ಆಸ್ಪತ್ರೆಗೆ, ರೈಲಿಗೆ ಹೊಸಪೇಟೆಗೆ ಹೋಗುವ ಮೆಟ್ರಿಯವರು ಈಗ ಕಾಗದದ ಲೆಕ್ಕದಲ್ಲಿ ಪಕ್ಕದ ಜಿಲ್ಲೆಯವರು. ಅಲ್ಲಿನ ಬಸ್ ನಿಲ್ದಾಣದ ದುರವಸ್ಥೆಯ ಬಗ್ಗೆ ದೂರುವ ‘ಸ್ಥಳೀಯರ’ ಪೈಕಿ ಅವರಿದ್ದಾರೆಯೇ ಇಲ್ಲವೇ?

ಇಲ್ಲಿಂದ ಮಾತು ಹಂಪಿಗೆ ಹೋಗಲೇಬೇಕು, ಏಕೆಂದರೆ ಸ್ಥಳೀಯರೆಂಬ ಪಟ್ಟ ಎಷ್ಟು ಸಲೀಸಾಗಿ ಜಾರುತ್ತದೆಂದು ಅಲ್ಲಿ ಕಂಡಷ್ಟು ಬೇರೆಲ್ಲೂ ಕಾಣಲಿಲ್ಲ. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರು ಪ್ರವಾಸಿಗರಿಗೆ ಹಂಪಿಯ ಸ್ಥಳೀಯರು. 2011ರ ಜುಲೈನಲ್ಲಿ ಜೆಸಿಬಿ ಬಂದ ದಿನ ಅವರೇ ಒತ್ತುವರಿದಾರರು. ಸ್ಮಾರಕ ಉಳಿಯಬೇಕೆಂಬ ವಾದದಲ್ಲಿ ಹುರುಳಿದೆ. ಮಂಟಪದ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸುವುದನ್ನು ಹಕ್ಕೆಂದು ನಾನೂ ಹೇಳಲಾರೆ. ಆದರೆ ಬೆಳಗಿನಿಂದ ಸಂಜೆಯೊಳಗೆ ಪದ ಬದಲಾದರೆ ಪರಿಹಾರದ ಲೆಕ್ಕವೂ ಬದಲಾಗುತ್ತದೆ, ಅದನ್ನು ಮರೆಯುವಂತಿಲ್ಲ. ಇನ್ನು ಆ ಪದ ಎಂದೂ ಸಿಗದವರೂ ಇದ್ದಾರೆ. ತೋರಣಗಲ್ಲಿನ ಕಾರ್ಖಾನೆಗಳಿಗೆ ಉತ್ತರ ಭಾರತದಿಂದ ಬಂದ ಕಾರ್ಮಿಕ ಅದೇ ದೂಳು ಕುಡಿಯುತ್ತಾನೆ, ಅದೇ ಟ್ಯಾಂಕರ್ ನೀರಿಗೆ ಕೊಡ ಹಿಡಿಯುತ್ತಾನೆ. ದೂಳಿನ ಸುದ್ದಿಯ ಸ್ಥಳೀಯರಲ್ಲಿ ಅವನಿಲ್ಲ. 1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದ ಮೇಲೆ ಹೊರಗಿನಿಂದ ಕೆಲಸಕ್ಕೆ ಬಂದು ಟಿ.ಬಿ.ಡ್ಯಾಮಿನಲ್ಲೇ ನೆಲೆನಿಂತ ಮನೆತನಗಳ ಮೊಮ್ಮಕ್ಕಳು ಈಗ ಅಪ್ಪಟ ಹೊಸಪೇಟೆಯವರು. ಅವರ ಅಜ್ಜ ಯಾವ ವರ್ಷದಿಂದ ಸ್ಥಳೀಯನಾದ ಎಂದು ಕೇಳಿದರೆ ನಗೆ ಬರುತ್ತದೆ. ತೋರಣಗಲ್ಲಿನ ಕಾರ್ಮಿಕನ ಬಗ್ಗೆ ಅದೇ ಪ್ರಶ್ನೆ ಕೇಳಿದರೆ ಯಾರಿಗೂ ನಗೆ ಬರುವುದಿಲ್ಲ. ಹಾಗಾಗಿ ನನ್ನ ಅಳತೆ ಹುಟ್ಟೂರಿನದಲ್ಲ: ಒಂದು ತೊಂದರೆಯನ್ನು ದಿನವೂ ಯಾರು ಉಣ್ಣುತ್ತಾರೋ ಆ ತೊಂದರೆಯ ಮಟ್ಟಿಗೆ ಅವರೇ ಆ ಜಾಗದವರು. ನೌಕರಿಯ ಮೀಸಲಿಗೆ ಇದು ಸಾಲದು, ಅಲ್ಲಿ ಕಾನೂನಿನ ಗೆರೆಯೇ ಬೇಕು. ಸುದ್ದಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಅಳತೆ ನನಗೆ ತೋಚದು.

ಕಚೇರಿ ಹೇಗೆ ನುಣುಚಿಕೊಳ್ಳುತ್ತದೆ ಎನ್ನುವುದಕ್ಕೆ ಕಂಪ್ಲಿ ಸೇತುವೆಗಿಂತ ಬೇರೆ ಸಾಕ್ಷಿ ಬೇಡ. ತುಂಗಭದ್ರಾ ಜಲಾಶಯ ತುಂಬಿ ನದಿಗೆ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ರಸ್ತೆಯ ಸೇತುವೆ ಮುಳುಗುತ್ತದೆ. ಸಂಚಾರ ಬಂದ್ ಆಗುತ್ತದೆ, ಕೋಟೆ ಪ್ರದೇಶದ ಮನೆಗಳಿಗೆ ನೀರು ಬರುತ್ತದೆ. ‘ಹೊಸ ಸೇತುವೆಗೆ ಸ್ಥಳೀಯರ ಒತ್ತಾಯ’ ಎಂದು ಸುದ್ದಿ, ‘ಅಧಿಕಾರಿಗಳಿಂದ ಸ್ಥಳ ಪರಿಶೀಲನೆ’ ಎಂದು ಮಾರನೆಯ ಸುದ್ದಿ. ಯಾರೆಂದು ಹೇಳದ ದೂರಿಗೆ ಏನೆಂದು ಹೇಳದ ಉತ್ತರ, ಜೋಡಿ ಚೆನ್ನಾಗಿ ಕೂಡಿದೆ. ಆ ಒಂದು ಪದದಡಿ ಎಷ್ಟು ಬಗೆಯ ಜನ ಅಡಗಿದ್ದಾರೆ ನೋಡಿ. ಈ ದಡದ ಕೋಟೆಯ ಮೀನುಗಾರರು ಬಳ್ಳಾರಿ ಜಿಲ್ಲೆಯವರು, ಆ ದಡದ ಚಿಕ್ಕಜಂತಕಲ್ಲಿನವರು ಕೊಪ್ಪಳ ಜಿಲ್ಲೆಯವರು. ಮೀನುಗಾರರಿಗೆ ಬೇಕಿರುವುದು ಎತ್ತರದ ಜಾಗದಲ್ಲಿ ಮನೆ, ಸೇತುವೆಯಲ್ಲ. ಗಂಗಾವತಿಗೆ ಭತ್ತ ಸಾಗಿಸುವವರಿಗೆ ಸೇತುವೆಯೇ ಬೇಕು, ಬುಕ್ಕಸಾಗರ–ಕಡೆಬಾಗಿಲು ಮೂಲಕ ಸುತ್ತು ಹಾಕಿದರೆ ಬಾಡಿಗೆ ಏರುತ್ತದೆ. ದಿನವೂ ಹೊಳೆ ದಾಟುವ ವಿದ್ಯಾರ್ಥಿಗೆ ಬದಲಿ ಬಸ್ಸಾದರೂ ಸಾಕು. ಇವು ಮೂರು ಬೇಡಿಕೆ, ಮೂರು ಇಲಾಖೆ. ‘ಸ್ಥಳೀಯರು’ ಎಂದು ಗಂಟು ಕಟ್ಟಿದ ಕೂಡಲೇ ಅದು ಯಾವ ಮೇಜಿಗೂ ಸೇರದ ಕಾಗದವಾಗುತ್ತದೆ.

ವರದಿಗಾರರ ಕಡೆಯಿಂದ ಬರುವ ಆಕ್ಷೇಪ ಹಗುರವಾದದ್ದಲ್ಲ. ಗಣಿ ಸೀಮೆಯಲ್ಲಿ ದೂರಿದವನ ಹೆಸರು ಅಚ್ಚಾದರೆ ಅವನ ಲಾರಿಗೆ ಲೋಡು ಸಿಗಲಿಕ್ಕಿಲ್ಲ, ಮಗನ ಕೆಲಸ ಹೋದೀತು. ಬರೆದವನೂ ಅದೇ ಊರಿನಲ್ಲಿ ಬಾಳಬೇಕು. ಲೋಕಾಯುಕ್ತ ವರದಿ ಬಂದ, ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ 2011ರ ಮುಂಚಿನ ವರ್ಷಗಳನ್ನು ಕಂಡವರು ಈ ಭಯವನ್ನು ನೆಪ ಎನ್ನಲಾರರು. ಒಪ್ಪೋಣ, ಹೆಸರು ಮುಚ್ಚಿಡಿ. ಬೀದಿ, ಕಸುಬು, ಎಷ್ಟು ಮನೆ, ಎಷ್ಟು ದಿನದಿಂದ, ಯಾವ ಕಚೇರಿಗೆ ಯಾವಾಗ ಅರ್ಜಿ ಕೊಟ್ಟರು ಎಂಬುದನ್ನು ಮುಚ್ಚಿಡಲು ಭಯ ಕಾರಣವಲ್ಲ, ಅವಸರ ಕಾರಣ. ಇನ್ನೊಂದು ಆಕ್ಷೇಪವುಂಟು: ಒಬ್ಬಿಬ್ಬರ ಮಾತಿಗಿಂತ ಊರೊಟ್ಟಿನ ಮಾತಿಗೆ ತೂಕ ಹೆಚ್ಚು, ಅದನ್ನೇ ಈ ಪದ ಕೊಡುತ್ತದೆ ಎಂದು. ಒಟ್ಟಿನ ಮಾತಿಗೆ ತೂಕವಿರುವುದು ನಿಜ. ಆದರೆ ಊರು ನಿಜವಾಗಿ ಒಟ್ಟಾಗುವ ಜಾಗ ಗ್ರಾಮಸಭೆ, ಅಲ್ಲಿ ಹಾಜರಿ ಪುಸ್ತಕವುಂಟು, ಸಹಿ ಬಾರದವರ ಹೆಬ್ಬೆಟ್ಟೂ ಉಂಟು. ಸಂಡೂರಿನ ದೇವದಾರಿ ಬೆಟ್ಟದ ಗಣಿಗೆ ಬಂದ ವಿರೋಧವನ್ನು ‘ಸ್ಥಳೀಯರ ವಿರೋಧ’ ಎಂದು ಬರೆದರೆ, ‘ಉದ್ಯೋಗ ಬೇಕೆನ್ನುವವರೂ ಸ್ಥಳೀಯರೇ’ ಎಂದು ಎದುರಿನವರು ಒಂದೇ ಸಾಲಿನಲ್ಲಿ ಸಮ ಮಾಡಿಬಿಡುತ್ತಾರೆ. ಯಾವ ಹಳ್ಳಿಯ ಯಾವ ಕಸುಬಿನವರು ಬೇಡವೆಂದರು, ಯಾರು ಬೇಕೆಂದರು ಎಂದು ಬರೆದರೆ ಹಾಗೆ ಸಮ ಮಾಡಲಾಗದು.

ಪತ್ರಿಕೆಯಲ್ಲಿ ಜಾಗ ಸಾಲದು ಎಂಬ ಮೂರನೆಯ ಆಕ್ಷೇಪವನ್ನು ನಾನು ನಂಬುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಇದೇ ಪತ್ರಿಕೆಗಳು 33 ಗೇಟುಗಳ ಪೈಕಿ ಹೋದದ್ದು 19ನೆಯದು ಎಂದು ಬರೆದವು, ಎಷ್ಟು ಕ್ಯುಸೆಕ್ ಹರಿಯಿತು, ಎಷ್ಟು ಟಿಎಂಸಿ ಉಳಿಯಿತು ಎಂದು ದಿನದಿನದ ಲೆಕ್ಕ ಕೊಟ್ಟವು, ಆ ಗೇಟಿನ ಜಾಗದಲ್ಲಿ ನೀರು ತಡೆಯಲು ಸ್ಟಾಪ್‌ಲಾಗ್ ಇಳಿಸಿದ ತಜ್ಞ ಕನ್ನಯ್ಯ ನಾಯ್ಡು ಅವರ ಹೆಸರನ್ನು ಮನೆಮನೆಗೆ ತಲುಪಿಸಿದವು. ನೀರಿನ ಬಗ್ಗೆ ಇಷ್ಟು ನಿಖರವಾಗಿ ಬರೆಯಲು ಬಲ್ಲವರಿಗೆ ಕಂಪ್ಲಿ ಕೋಟೆಯ ಎಷ್ಟು ಮನೆಯವರು ಆ ವಾರ ಎಲ್ಲಿ ಮಲಗಿದರು ಎಂದು ಬರೆಯಲು ಎರಡು ಸಾಲು ಸಾಕು.