ಚಪ್ಪಲಿಯ ಮೇಲೆ ಯಾರ ಹೆಸರು?

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪೆನಿಯವರು ತೊಗಲಿನ ಚಪ್ಪಲಿಗಳನ್ನು ತೋರಿಸಿದರು. ನೋಡಿದ ಕೂಡಲೇ ನಮ್ಮವರಿಗೆ ಗುರುತು ಹತ್ತಿತು: ಇದು ಕೊಲ್ಹಾಪುರಿ. ಗದ್ದಲವೆದ್ದ ಮೇಲೆ ಕಂಪೆನಿ ಭಾರತದ ಋಣವನ್ನು ಒಪ್ಪಿಕೊಂಡಿತು. ಆದರೆ ಕೊಲ್ಹಾಪುರಿ ಎಂಬ ಹೆಸರಾದರೂ ಪೂರ್ತಿ ನಿಜವೇ? ಆ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಜೋಡುಗಳು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಸಮಗಾರರ ಮನೆಗಳಲ್ಲಿ ತಯಾರಾದವು. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ನಮ್ಮ 4 ಜಿಲ್ಲೆಗಳಿಗೂ ಹಕ್ಕು ದೊರೆಯಿತು. ಹೆಸರು ಮಾತ್ರ ಕೊಲ್ಹಾಪುರದ್ದೇ ಉಳಿಯಿತು.

ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮವಿದು. ಗಂಡಸರು ಅಟ್ಟೆ ಕತ್ತರಿಸುತ್ತಾರೆ. ಹೆಂಗಸರು ಪಟ್ಟಿ ಹೆಣೆಯುತ್ತಾರೆ, ಹೊಲಿಯುತ್ತಾರೆ. ಹೆಣ್ಣುಮಕ್ಕಳ ಈ ದುಡಿಮೆಯನ್ನು ಬಹಳ ಕಾಲ ಮನೆಗೆಲಸದ ಲೆಕ್ಕಕ್ಕೇ ಸೇರಿಸಿದ್ದರು. 1990ರ ದಶಕದ ಕೊನೆಗೆ ಮಧುರಾ ಛತ್ರಪತಿ ಮತ್ತು ಸಂಗಡಿಗರು ಅಥಣಿಗೆ ಬಂದು ಸ್ವಸಹಾಯ ಸಂಘಗಳನ್ನು ಕಟ್ಟಿದರು. ಅದರಿಂದ ‘ಟೋಹೋಲ್ಡ್’ ಎಂಬ ಹೆಸರಿನ ಚಪ್ಪಲಿ ಹುಟ್ಟಿ ಹೊರದೇಶಗಳಿಗೂ ಹೋಯಿತು. ಹೊಸ ವಿನ್ಯಾಸಗಳಿಗಿಂತ, ಹೆಣೆಯುವ ಹೆಂಗಸಿನ ಕೈಗೆ ಅವಳದೇ ದುಡ್ಡು ಬಂದದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಹೆಸರಿನ ಪ್ರಶ್ನೆಯನ್ನೇ ಕಲೆಯನ್ನಾಗಿ ಮಾಡಿದವರು ಮುಂಬಯಿಯ ಕಲಾವಿದ ಸುಧೀರ್ ರಾಜ್‌ಭರ್. 2015ರಲ್ಲಿ ಮಹಾರಾಷ್ಟ್ರದ ಗೋಮಾಂಸ ನಿಷೇಧ ಜಾರಿಗೆ ಬಂದಾಗ ಚರ್ಮದ ಕೆಲಸ ನಂಬಿದ್ದ ದಲಿತರಿಗೂ ಮುಸ್ಲಿಮರಿಗೂ ಒಟ್ಟಿಗೇ ಪೆಟ್ಟು ಬಿತ್ತು. ಸುಧೀರ್ ಆ ಕಸುಬುದಾರರ ಜೊತೆ ಕುಳಿತು ಹಳೆಯ ಟಯರುಗಳ ರಬ್ಬರಿನಿಂದ ಚೀಲಗಳನ್ನು ಮಾಡಿಸಿದರು. ಅದಕ್ಕಿಟ್ಟ ಹೆಸರು ‘ಚಮಾರ್’. ಬೈಗುಳವಾಗಿ ಬಳಸುವ ಪದವನ್ನು ದುಬಾರಿ ಅಂಗಡಿಯ ಗಿರಾಕಿಯ ಬಾಯಲ್ಲಿ ಹೇಳಿಸಿದ್ದೇ ಇಲ್ಲಿನ ಕಲೆ. ಆದರೂ ಪತ್ರಿಕೆಗಳಲ್ಲಿ ಬಂದದ್ದು ಹೆಚ್ಚಾಗಿ ಕಲಾವಿದರ ಹೆಸರೇ. ಇದು ಅವರೊಬ್ಬರ ತಪ್ಪಲ್ಲ.

12ನೇ ಶತಮಾನದ ಸಮಗಾರ ಹರಳಯ್ಯ, ಕಲ್ಯಾಣಮ್ಮ ದಂಪತಿಗಳ ಹೆಸರು ಕಸುಬಿನ ಸಮೇತ ಇಂದಿಗೂ ಉಳಿದಿದೆ. ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆ ಯಾರಿಗೆ ಗೊತ್ತಿಲ್ಲ? ಅವರ ನಂತರದ ಎಂಟು ನೂರು ವರ್ಷಗಳಲ್ಲಿ ಚಪ್ಪಲಿ ಮಾಡಿದ ಇನ್ನೊಬ್ಬರ ಹೆಸರು ಹೇಳಿ ಎಂದರೆ ನಾವು ತಡವರಿಸುತ್ತೇವೆ.

2025ರ ಡಿಸೆಂಬರ್‌ನಲ್ಲಿ ಪ್ರಾಡಾ, ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಎರಡೂ ರಾಜ್ಯಗಳಲ್ಲಿ 2,000 ಜೋಡು ತಯಾರಿಸಿ, ಜೋಡಿಗೆ ಸುಮಾರು 800 ಯೂರೋದಂತೆ ಮಾರುವುದು ಯೋಜನೆ. ಅಂದರೆ ನಮ್ಮ 80 ಸಾವಿರ ರೂಪಾಯಿಗೂ ಮೇಲೆ. ಅದರಲ್ಲಿ ಪಟ್ಟಿ ಹೆಣೆದವಳ ಪಾಲೆಷ್ಟು ಎಂದು ಅಥಣಿಯ ಓಣಿಯವರು ಕೇಳದೆ ಬಿಡುವುದಿಲ್ಲ.