ಕ್ಯಾಮೆರಾ ಕಂಡ ಚಿಲಿ

1973ರ ಜೂನ್ 29. ಚಿಲಿಯ ರಾಜಧಾನಿ ಸಾಂಟಿಯಾಗೊದ ಬೀದಿಯಲ್ಲಿ ಬಂಡೆದ್ದ ಸೈನಿಕನೊಬ್ಬ ನೇರ ಕ್ಯಾಮೆರಾಕ್ಕೇ ಗುರಿಯಿಟ್ಟು ಗುಂಡು ಹಾರಿಸುತ್ತಾನೆ. ಚಿತ್ರ ಅಲುಗಾಡುತ್ತದೆ, ವಾಲುತ್ತದೆ, ನಿಂತುಹೋಗುತ್ತದೆ. ಅರ್ಜೆಂಟೀನಾದ ಛಾಯಾಗ್ರಾಹಕ ಲಿಯೊನಾರ್ಡೊ ಹೆನ್ರಿಕ್ಸನ್ ಹೀಗೆ ತಮ್ಮ ಸಾವನ್ನು ತಾವೇ ಚಿತ್ರೀಕರಿಸಿದರು. ‘ದ ಬ್ಯಾಟಲ್ ಆಫ್ ಚಿಲಿ’ ಸಾಕ್ಷ್ಯಚಿತ್ರದ ಮೊದಲ ಭಾಗ ಮುಗಿಯುವುದು ಈ ತುಣುಕಿನೊಂದಿಗೆ.

ಅದರ ನಿರ್ದೇಶಕ ಪ್ಯಾಟ್ರಿಸಿಯೊ ಗುಸ್ಮಾನ್ ಹುಟ್ಟಿದ್ದು 1941ರಲ್ಲಿ, ಸಾಂಟಿಯಾಗೊದಲ್ಲೇ. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಸಿನಿಮಾ ಕಲಿತು 1971ರಲ್ಲಿ ಊರಿಗೆ ಮರಳಿದಾಗ ಚಿಲಿಯಲ್ಲಿ ಅಪರೂಪದ ಪ್ರಯೋಗವೊಂದು ನಡೆದಿತ್ತು. ಬಂದೂಕಿನಿಂದಲ್ಲ, ಮತಪೆಟ್ಟಿಗೆಯ ಮೂಲಕ ಅಧಿಕಾರಕ್ಕೆ ಬಂದ ಸಮಾಜವಾದಿ ಸಾಲ್ವಡಾರ್ ಅಲೆಂಡೆ ತಾಮ್ರದ ದೊಡ್ಡ ಗಣಿಗಳನ್ನು ರಾಷ್ಟ್ರೀಕರಣ ಮಾಡಿದ್ದರು. ಮುನಿದ ಅಮೆರಿಕ ಸಾಲ, ನೆರವುಗಳಿಗೆ ತಡೆ ಹಾಕಿತು. ಕಚ್ಚಾ ಫಿಲ್ಮಿಗೂ ಬರ ಬಂತು! ಕೊನೆಗೆ ಫ್ರಾನ್ಸಿನ ನಿರ್ದೇಶಕ ಕ್ರಿಸ್ ಮಾರ್ಕರ್ ಫಿಲ್ಮು ಕಳಿಸಿಕೊಟ್ಟರು. ಒಂದು ಕ್ಯಾಮೆರಾ, ಒಂದು ಧ್ವನಿಮುದ್ರಣ ಯಂತ್ರ ಹಿಡಿದು ಪುಟ್ಟ ತಂಡ ಬೀದಿಗಿಳಿಯಿತು.

ತಾನು ಅಲೆಂಡೆಯ ಪಕ್ಷವೆಂಬುದನ್ನು ಗುಸ್ಮಾನ್ ಎಂದೂ ಮುಚ್ಚಿಡಲಿಲ್ಲ. ಆದರೂ ಅವರ ಕ್ಯಾಮೆರಾ ಎದುರಾಳಿಗಳ ಮನೆಗೂ ಹೋಯಿತು, ಅವರ ಸಿಟ್ಟನ್ನೂ ತಾಳ್ಮೆಯಿಂದ ಕೇಳಿಸಿಕೊಂಡಿತು. ಚಿತ್ರದ ನಿಜವಾದ ಬಲ ಇರುವುದು ಇಲ್ಲಿ. ಬರೀ ಘೋಷಣೆಯಾಗಿದ್ದರೆ ಅದು ಎಂದೋ ಮರೆತುಹೋಗುತ್ತಿತ್ತು.

ಸೆಪ್ಟೆಂಬರ್ 11ರಂದು ಸೇನೆ ಅಧ್ಯಕ್ಷರ ಅರಮನೆಯ ಮೇಲೆ ಬಾಂಬು ಹಾಕಿತು. ಅಲೆಂಡೆ ಸತ್ತರು, ಜನರಲ್ ಪಿನೊಚೆಯ ಆಳ್ವಿಕೆ ಶುರುವಾಯಿತು. ಗುಸ್ಮಾನ್ ಸುಮಾರು ಎರಡು ವಾರ ಸಾಂಟಿಯಾಗೊದ ನ್ಯಾಷನಲ್ ಸ್ಟೇಡಿಯಮ್‌ನಲ್ಲಿ ಕೈದಿಯಾಗಿದ್ದರು. ಸೇನೆ ಆಟದ ಮೈದಾನವನ್ನೇ ಸೆರೆಮನೆ ಮಾಡಿಕೊಂಡಿತ್ತು. ಆದರೆ ಅಡಗಿಸಿಟ್ಟ ರೀಲುಗಳು ಸೈನಿಕರ ಕೈಗೆ ಸಿಗಲಿಲ್ಲ. ಸ್ವೀಡನ್ ರಾಯಭಾರ ಕಚೇರಿಯ ನೆರವಿನಿಂದ ಅವು ಹಡಗೇರಿ ದೇಶ ದಾಟಿದವು. ಕ್ಯೂಬಾದ ಹವಾನಾದಲ್ಲಿ ಪೆಡ್ರೊ ಚಾಸ್ಕೆಲ್ ಅವನ್ನು ಸಂಕಲಿಸಿದರು. 1975, 1976 ಮತ್ತು 1979ರಲ್ಲಿ ಹೊರಬಂದ ಮೂರು ಭಾಗಗಳ ಒಟ್ಟು ಅವಧಿ ನಾಲ್ಕು ಗಂಟೆಗೂ ಮಿಕ್ಕಿದ್ದು.

ಛಾಯಾಗ್ರಾಹಕ ಹೋರ್ಹೆ ಮುಲ್ಲರ್ ಸಿಲ್ವಾ ಮಾತ್ರ ಚಿತ್ರವನ್ನು ನೋಡಲಿಲ್ಲ. 1974ರ ನವೆಂಬರಿನಲ್ಲಿ ರಹಸ್ಯ ಪೊಲೀಸರು ಅವರನ್ನು ಹಿಡಿದೊಯ್ದರು. ಆಮೇಲೆ ಸುಳಿವಿಲ್ಲ. ಚಿತ್ರ ಅವರಿಗೇ ಅರ್ಪಿತವಾಗಿದೆ.

ಪಿನೊಚೆ 1990ರಲ್ಲಿ ಅಧ್ಯಕ್ಷ ಪದವಿ ಬಿಟ್ಟರು. ಆಮೇಲೆ ಗುಸ್ಮಾನ್ ಹಳೆಯ ರೀಲುಗಳೊಂದಿಗೆ ತವರಿಗೆ ಬಂದು ವಿದ್ಯಾರ್ಥಿಗಳಿಗೆ ತೋರಿಸಿದರು. ಕ್ಷಿಪ್ರಕ್ರಾಂತಿ ಆಗಬೇಕಿತ್ತು ಎಂದು ಕೆಲವರು ವಾದಿಸಿದರು. ಕೆಲವರು ಬಿಕ್ಕಿ ಬಿಕ್ಕಿ ಅತ್ತರು. ಅದೆಲ್ಲವೂ 1997ರ ‘ಚಿಲಿ, ಆಬ್ಸ್ಟಿನೇಟ್ ಮೆಮೊರಿ’ ಚಿತ್ರವಾಯಿತು. 2010ರ ‘ನಾಸ್ಟಾಲ್ಜಿಯಾ ಫಾರ್ ದ ಲೈಟ್’ನಲ್ಲಿ ಅಟಕಾಮ ಮರುಭೂಮಿಯ ಮಣ್ಣು ಕೆದಕುತ್ತ, ಕಾಣೆಯಾದ ತಮ್ಮವರ ಮೂಳೆಗಳನ್ನು ಹುಡುಕುವ ಹೆಂಗಸರಿದ್ದಾರೆ.

‘ದ ಬ್ಯಾಟಲ್ ಆಫ್ ಚಿಲಿ’ ಚಿಲಿಯ ಟೀವಿಯಲ್ಲಿ ಪ್ರಸಾರವಾದದ್ದು 2021ರಲ್ಲಿ.